ಎರಡು ಬುತ್ತಿ

ಹೆಂಗಸರು ಬೆಟ್ಟ ಹತ್ತುವುದು ತಿರುಮಲೇಶ ಅವರಿಗೆ ಇಷ್ಟವಿರಲಿಲ್ಲ. ಬೆಟ್ಟ ಹತ್ತುವ ನಮ್ಮ ಕನ್ನಡಿಗರ ಗುಂಪಿಗೆ ಅವರೇ ಮುಖಂಡರು. ಮುಂಬಯಿಯ ಗ್ರಾಂಟ್ ರೋಡಿನ ಲಾಡ್ಜೊಂದರ ಮಹಡಿಯಲ್ಲಿ ಸಭೆ ಸೇರಿದಾಗ, "ಹೆಂಗಸರು ಬಂದ್ರೆ ಹಿಂದೆನೇ ಒಲೆ, ಲಟ್ಟಣಿಗೆ, ಉಪ್ಪಿನಕಾಯಿ ಜಾಡಿ ಎಲ್ಲಾ ಬರುತ್ತೆ" ಎಂದು ಎಲ್ಲರನ್ನೂ ನಗಿಸಿದ್ದರು. ಕಡೆಗೆ ಒಂದು ನಿಯಮ ಹಾಕಿ ಒಪ್ಪಿದರು. ಒಬ್ಬೊಬ್ಬರ ಎರಡು ದಿನದ ಊಟ ಎರಡು ಪೌಂಡು ಮೀರಬಾರದು.

ಚಂದ್ರವ್ವ ಘಾಟ್ಕೋಪರಿನ ಚಾಳಿನಲ್ಲಿ ನನ್ನ ಪಕ್ಕದ ಖೋಲಿಯವಳು, ವಿಜಾಪುರದ ಕಡೆಯವಳು. ಮದುವೆಯಾಗಿ ಮುಂಬಯಿಗೆ ಬಂದ ಮೇಲೆ ನಲ್ಲಿ ಮತ್ತು ಮಾರ್ಕೆಟ್ಟಿನ ಆಚೆ ಏನನ್ನೂ ಕಂಡಿರಲಿಲ್ಲ. ಅರಿವೆ ಅಂಗಡಿಯಲ್ಲಿ ದುಡಿಯುತ್ತಿದ್ದ ಅವಳ ಗಂಡ ಶೆಟ್ಟೆಪ್ಪ ರಾಜಮಾಚಿ ಬೆಟ್ಟಕ್ಕೆ ಕಳಿಸಲು ಒಪ್ಪಿದ್ದೇ ನಮಗೆ ಆಶ್ಚರ್ಯ. "ಒಂದು ದೂರು ಬಂದ್ರೂ ಇದ ಕಡೀದು" ಎಂದು ಅವರು ಹೇಳಿದ್ದನ್ನು ಚಂದ್ರವ್ವ ನನಗೆ ಎಷ್ಟು ಸಲ ಹೇಳಿದ್ದಳೋ.

ಹೊರಡುವ ದಿನ ಮುಂಜಾನೆ ಪ್ಲಾಟ್‌ಫಾರ್ಮಿನ ಮೇಲೆ ತಿರುಮಲೇಶ ಸ್ಪ್ರಿಂಗ್ ತಕ್ಕಡಿ ಹಿಡಿದು ನಿಂತಿದ್ದರು. ಚಂದ್ರವ್ವನ ಗಂಟಿನಲ್ಲಿದ್ದದ್ದು ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದಿಷ್ಟು ಪುಠಾಣಿ, ಬೆಲ್ಲ. ಮುಳ್ಳು ಎರಡು ಪೌಂಡನ್ನು ಮುಟ್ಟಲೇ ಇಲ್ಲ. ಅವರು ತಕ್ಕಡಿಯನ್ನು ಅಲ್ಲಾಡಿಸಿ ಮತ್ತೆ ತೂಗಿದರು.

"ಹಪ್ಪಳ ತಿಂದ್ಕೊಂಡು ಬೆಟ್ಟ ಹತ್ತೀರೇನಮ್ಮ?"

"ನೀರು ಕುಡದ್ರ ಹೊಟ್ಟ್ಯಾಗ ಉಬ್ಬತಾವ್ರಿ. ಹೊರಾಕ ಹಗೂರ, ಹೊಟ್ಟಿಗಿ ಭಾರ."

ಹಿಂದೆ ನಿಂತಿದ್ದವರು ನಕ್ಕರು. ತಿರುಮಲೇಶ ನಗಲಿಲ್ಲ.

ಗಾಡಿ ಕಲ್ಯಾಣ ದಾಟಿದ ಮೇಲೆ ಚಂದ್ರವ್ವ ಹಸಿವೆಂದು ಗಂಟು ಬಿಚ್ಚಿದಳು. ಅವಳ ಊರಿನ ಕಡೆ ನಾಲ್ಕು ಜನರ ಎದುರಿಗೆ ಬುತ್ತಿ ಬಿಚ್ಚಿದರೆ ಸುತ್ತಲಿದ್ದವರಿಗೆ ಕೊಡದೆ ಕೈ ಬಾಯಿಗೆ ಹೋಗುವುದಿಲ್ಲ. ಥರ್ಡ್ ಕ್ಲಾಸ್ ಡಬ್ಬಿಯಲ್ಲಿ ಸುತ್ತಲಿದ್ದವರೆಂದರೆ ಎಲ್ಲರೂ. ಅವರು "ನಕೋ, ನಕೋ" ಎಂದಷ್ಟೂ ಇವಳು "ಘ್ಯಾ ಹೋ, ಅರ್ಧರೆ ತಗೋರಿ" ಎಂದು ಒತ್ತಾಯ ಮಾಡಿದಳು. ಮುದುಕಿಯೊಬ್ಬಳು ಸೆರಗೊಡ್ಡಿ ಇಸಿದುಕೊಂಡಳು. ನೇರಳ್ ಸ್ಟೇಷನ್ ಬರುವಷ್ಟರಲ್ಲಿ ಬಟ್ಟೆಯಲ್ಲಿ ಉಳಿದದ್ದು ರೊಟ್ಟಿಯ ಚೂರು, ಒಂದು ಹಿಡಿ ಚಟ್ನಿ.

"ಇದೇನು ಮದುವೆ ದಿಬ್ಬಣ ಅಂದ್ಕೊಂಡ್ರಾ?" ತಿರುಮಲೇಶರ ದನಿಗೆ ಇಡೀ ಡಬ್ಬಿ ತಿರುಗಿ ನೋಡಿತು. "ಮೇಲೆ ಹೋಗಿ ಹಸಿವು ಅಂತ ಕೂತ್ರೆ ನಿಮ್ಮನ್ನ ಹೊರೋರು ಯಾರು?"

"ಬಿಚ್ಚಿದ ಮ್ಯಾಲ ಕೊಡದ ಹ್ಯಾಂಗ ತಿನ್ನೂದ್ರಿ?"

"ಹಾಗಾದ್ರೆ ಬಿಚ್ಚಲೇಬಾರದಿತ್ತು."

ಯಾರೂ ಅವಳನ್ನು ಹೊರಬೇಕಾಗಲಿಲ್ಲ. ಕರ್ಜತ್‌ನಿಂದ ಬೆಟ್ಟದ ಮೇಲಿನ ಹಳ್ಳಿಯವರೆಗೆ ಅವಳೇ ಎಲ್ಲರಿಗಿಂತ ಮುಂದೆ ನಡೆದಳು. ಅದಕ್ಕೂ ತಿರುಮಲೇಶರ ಮುಖ ಗಂಟಿಕ್ಕಿತು.

ಸಂಜೆ ತಿರುಮಲೇಶ ಒಲೆಗೆ ಮೂರು ಕಲ್ಲು ಹೂಡಿದರು. ಹುರಿದ ಅಕ್ಕಿ, ಹೆಸರುಬೇಳೆಗೆ ಮೆಣಸು ಜೀರಿಗೆಯ ಪುಡಿ, ಉಪ್ಪು ಬೆರೆಸಿ ಮನೆಯಿಂದಲೇ ತಂದಿದ್ದರು. ಕುದಿಯುವ ನೀರಿಗೆ ಸುರಿದರೆ ಸಾಕು, ಪೊಂಗಲ್ಲು. ಒಳ್ಳೆಯ ಉಪಾಯ, ಘಮವೂ ಒಳ್ಳೆಯದೇ. ಎಲ್ಲರಿಗೂ ತಾವೇ ಬಡಿಸುತ್ತ ಬಂದರು. ಚಂದ್ರವ್ವನ ಎಲೆಯ ಮುಂದೆ ಸೌಟು ನಿಂತಿತು.

"ದಾನ ಮಾಡಿದವರು ಪುಣ್ಯಾನೇ ಉಣ್ಣಲಿ."

ಒಂದಿಬ್ಬರು ನಕ್ಕರು. ನಾನು ನನ್ನ ಎಲೆಯನ್ನು ಅವಳ ಕಡೆ ಸರಿಸಿದೆ. ಅವಳು ಹಿಂದಕ್ಕೆ ತಳ್ಳಿದಳು. "ನೀ ಉಣ್ಣ ಶಾಮಲಾ. ಈಗ ಜಗಳಾದ್ರ ದೂರು ಮನೀ ತನಕ ಹೋಗತದ." ಆಮೇಲೆ ತಂಬಿಗೆಯ ನೀರಿನಲ್ಲಿ ರೊಟ್ಟಿಚೂರು ನೆನೆಸುತ್ತ ಕುಳಿತಳು.

ಗ್ರಾಂಟ್ ರೋಡಿನ ಹೋಟೆಲಿನಲ್ಲಿ ಕೆಲಸಕ್ಕಿದ್ದ ಮೋನಪ್ಪ ನಮ್ಮ ಪಕ್ಕದಲ್ಲಿದ್ದ. ಎರಡು ತುತ್ತು ತಿಂದು ಮುಖ ಹಿಂಡಿದ. "ಉಪ್ಪು ಜಾಸ್ತಿ ಮಾರಾಯ್ರೆ, ನನಗೆ ಹೋಗುವುದಿಲ್ಲ. ಚೆಲ್ಲಿದರೆ ಇವರು ಬೈತಾರೆ. ನೀವಾದರೂ ಮುಗಿಸಿ" ಎಂದು ಎಲೆಯನ್ನು ಅವಳ ಮುಂದಿಟ್ಟು, ಅವಳು ಬೇಡವೆನ್ನುವ ಮೊದಲೇ ಎದ್ದುಹೋದ. ನಾನೂ ಅದೇ ಪಾತ್ರೆಯದನ್ನು ಉಣ್ಣುತ್ತಿದ್ದೆ. ಉಪ್ಪು ಸರಿಯಾಗಿಯೇ ಇತ್ತು.

ಮರುದಿನ ಸಂಜೆ ಘಾಟ್ಕೋಪರಿನಲ್ಲಿ ಶೆಟ್ಟೆಪ್ಪ ಕಾಯುತ್ತಿದ್ದರು. ಮುಂದೆ ದಾದರಿನಲ್ಲಿ ಗಾಡಿ ಬದಲಿಸಿ ಬಾಂದ್ರಾಕ್ಕೆ ಹೋಗಬೇಕಾದ ತಿರುಮಲೇಶ, ದೂರು ಹೇಳುವುದಕ್ಕಾಗಿಯೇ ಅಲ್ಲಿ ಇಳಿದರು. ಚಂದ್ರವ್ವ ನನ್ನ ಮಣಿಕಟ್ಟು ಹಿಡಿದಳು.

"ಇನ್ನು ಇವರನ್ನ ಕಳಿಸಬೇಡಿ ಶೆಟ್ಟೆಪ್ಪನವರೇ. ಎರಡು ದಿನದ ಊಟಾನ ರೈಲಲ್ಲಿ ಕಂಡಕಂಡವರಿಗೆ ಹಂಚಿಬಿಟ್ರು."

ಶೆಟ್ಟೆಪ್ಪ ಹೆಂಡತಿಯತ್ತ ನೋಡಿದರು. "ಬುತ್ತಿ ಬಿಚ್ಚಿ ಎಲ್ಲಾರಿಗೂ ಕೊಟ್ಟಿಯೇನು?"

"ಹೂಂ ರಿ."

"ಮತ್ತ ಸಂಜಿಗಿ ಏನು ಉಂಡಿ?"

ಅವಳು ಬಾಯಿ ತೆರೆಯುವ ಮೊದಲೇ ತಿರುಮಲೇಶ ಹೇಳಿದರು: "ಅದೇ ನಾನು ಹೇಳ್ತಿರೋದು. ಅವರ ಹತ್ರ ಏನೂ ಇರಲಿಲ್ಲ."

"ನಿಮ್ಮ ಹತ್ರ ಇತ್ತಲ್ಲರಿ?"

ತಿರುಮಲೇಶ ಮುಂದಿನ ಗಾಡಿ ಬಂತೇ ಎಂದು ಹಳಿಯ ಕಡೆ ನೋಡಿದರು.

"ಹಸದಾಕಿ ಎದುರಿಗೆ ಕುಂತು ಉಂಡೀರಿ. ಅದರ ಮ್ಯಾಲ ದೂರು ಹೇಳಾಕ ಗಾಡಿ ಇಳದು ಬಂದೀರಿ. ಚಲೋ ಮಂದಿ!" ಶೆಟ್ಟೆಪ್ಪ ಹೆಂಡತಿಯ ಹೆಗಲಿನ ಚೀಲವನ್ನು ತೆಗೆದು ತಾವು ಹಾಕಿಕೊಂಡರು. "ಮುಂದಿನ ಸಲ ಎರಡು ಬುತ್ತಿ ಕಟ್ಟು. ಒಂದು ಗುಡ್ಡಕ್ಕ, ಒಂದು ಗಾಡಿಗಿ."

"ತೂಕ ಮೀರತ್ತೆ" ಎಂದರು ತಿರುಮಲೇಶ.

"ಗಾಡೀದು ಗಾಡ್ಯಾಗ ಮುಗೀತದ. ನಿಮ್ಮ ತಕ್ಕಡಿ ಗುಡ್ಡದ ಬುಡದಾಗ ಹಿಡೀರಿ, ಸಾಹೇಬ್ರ."

ಡಿಸೆಂಬರಿನಲ್ಲಿ ಮತ್ತೆ ಹೊರಟೆವು. ತಿರುಮಲೇಶ ಬೇಕೆಂದೇ ಬೇರೆ ಡಬ್ಬಿ ಹತ್ತಿದರು. ಚಂದ್ರವ್ವ ಗಾಡಿಯ ಬುತ್ತಿ ಬಿಚ್ಚಿ, ಮೊದಲ ರೊಟ್ಟಿಯ ಮೇಲೆ ಚಟ್ನಿ ಹಾಕಿ, ಮುಂದಿನ ಸ್ಟೇಷನ್ನಿನಲ್ಲಿ ಮೋನಪ್ಪನ ಕೈಯಲ್ಲಿ ಅವರಿಗೆ ಕಳಿಸಿದಳು. ಅದು ಹಾಗೇ ವಾಪಸು ಬಂತು. ಚಂದ್ರವ್ವ ಅದನ್ನು ಎರಡಾಗಿ ಮುರಿದು, ಎದುರಿಗೆ ಖಾಲಿ ಮೀನಿನ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಹೆಂಗಸಿಗೆ ಒಂದು ಪಾಲು ಕೊಟ್ಟು, ಇನ್ನೊಂದನ್ನು ತಾನು ಕಡಿದಳು.