ಗಾಡಿ ಹೋಗುವ ತನಕ

ಅಂಗಾರನಿಗೆ ಬಾಯಿ ಮುಚ್ಚಲು ಬರುವುದಿಲ್ಲ ಎಂದು ಯಾರಾದರೂ ಅಂದರೆ ಅವನ ಹೆಂಡತಿ ವಿನೋದಿನಿ ಮೊದಲು ಹೌದೆಂದು ತಲೆಯಾಡಿಸುತ್ತಾಳೆ. ಅವನು ಮಾತ್ರ ತಪ್ಪನ್ನೆಲ್ಲ ಮುಂಬಯಿಯ ಸಯನ್ನಿನ ರೈಲು ಹಳಿಯ ಮೇಲೆ ಹಾಕುತ್ತಾನೆ. ಅದು ಪೂರ್ತಿ ಸುಳ್ಳೂ ಅಲ್ಲ.

ಅಂಗಾರ ಹಾಡುವ ಸೋಮವಾರದ ವೃಂದ ಹುಟ್ಟಿದ್ದು ಸಯನ್ನಿನ ಒಂದು ಚಾಳಿನ ವಠಾರದಲ್ಲಿ. ಹೋಟೆಲಿನವರಿಗೆ ಸೋಮವಾರ ರಜೆ, ಹಾಗಾಗಿ ಆ ಹೆಸರು. ಉಡುಪಿ ಕಡೆಯ ಸಪ್ಲೈಯರುಗಳು, ಬಿಜಾಪುರದ ಕಡೆಯ ಗಾರೆ ಕೆಲಸದವರು, ಅವರ ಮನೆಯ ಹೆಂಗಸರು, ಎಲ್ಲ ಸೇರಿ ಇಪ್ಪತ್ತೈದು ಗಂಟಲು. ಕಲಿಸುತ್ತಿದ್ದವರು ಕನ್ನಡ ಶಾಲೆಯ ಟೀಚರು ರುಕ್ಮಿಣಿಬಾಯಿ, ಎಲ್ಲರ ಪಾಲಿಗೆ ಬರೀ 'ಬಾಯಿ'. ಕಿಟಕಿಗೆ ತಾಗಿಕೊಂಡೇ ಹಳಿ ಇತ್ತು. ಲೋಕಲ್ ರೈಲು ಬಂತೆಂದರೆ ಪಕ್ಕದವರ ದನಿಯೂ ಕೇಳುತ್ತಿರಲಿಲ್ಲ. ಅದಕ್ಕೆ ಬಾಯಿಯವರು ಒಂದು ಕಾನೂನು ಮಾಡಿದ್ದರು. ಗಾಡಿ ಬಂದಾಗ ಯಾವ ಸ್ವರದ ಮೇಲಿದ್ದೀರೋ ಅದನ್ನೇ ಹಿಡಿದು ನಿಲ್ಲಬೇಕು, ಅದು ದಾಟಿದ ಮೇಲೆಯೇ ಮುಂದಿನ ಸಾಲು.

"ಗಾಡಿ ಹೋಗೂತನಕ ಸ್ವರ ಬಿಡಬ್ಯಾಡ್ರಿ. ನೀವು ಬಿಟ್ರ ಗಾಡಿ ಗೆದ್ದಂಗ," ಎಂದು ಅಂಗೈ ಎತ್ತಿ ಹಿಡಿಯುತ್ತಿದ್ದರು.

ಹಾಡುವವರು ಬಿಡಲಿಲ್ಲ. ಚಾಳಿನ ಅಂಗಳದಲ್ಲಿ ಕಾರ್ಯಕ್ರಮವಾದರೆ ಕೇಳಲು ಕೂತ ಮಕ್ಕಳೂ ಆ ಉದ್ದ ಸ್ವರಕ್ಕೆ ದನಿ ಸೇರಿಸುತ್ತಿದ್ದವು. ಎಂಥ ಗದ್ದಲ, ಎಂಥ ಸುಖ! ಈಗ ಚಾಳೂ ಇಲ್ಲ, ಅಂಗಳವೂ ಇಲ್ಲ. ಅಲ್ಲಿ ಎದ್ದಿರುವ ಬಿಲ್ಡಿಂಗನ್ನು ನೋಡಲು ಅಂಗಾರನಿಗೆ ಕತ್ತು ನೋಯುತ್ತದೆ.

ವೃಂದ ಗೋರೆಗಾಂವಿನ ಒಂದು ಹಾಲ್‌ಗೆ ಬಂತು. ಬಾಗಿಲು ಮುಚ್ಚಿದರೆ ಹೊರಗಿನ ಒಂದು ಹಾರ್ನೂ ಒಳಗೆ ಬಾರದ ಎ.ಸಿ. ಹಾಲ್. ಮಂಡಿ ನೋವಿನ ರುಕ್ಮಿಣಿಬಾಯಿ ಕಾಂದಿವಲಿಯಲ್ಲಿ ಮಗಳ ಮನೆ ಸೇರಿದರು. ಅವರ ಜಾಗಕ್ಕೆ ಬಂದವಳು ಹರಿಣಿ. ಇಪ್ಪತ್ತಾರರ ಹುಡುಗಿ, ಕನ್ನಡ ತಡವರಿಸಿದರೂ ಕಿವಿ ಮಾತ್ರ ಬಲು ಚುರುಕು. ಹಳೆಯ ಹಾಡುಗಳ ಜೊತೆಗೆ ಇವತ್ತಿನ ಹಾಡುಗಳನ್ನೂ ನಮ್ಮ ಜನಕ್ಕೆ ಕೇಳಿಸಬೇಕೆಂಬುದು ಅವಳ ಹಟ. ತಾನೇ ಒಂದು ಹಾಡು ಕಟ್ಟಿದಳು. ಹನ್ನೆರಡನೇ ಮಹಡಿಯಲ್ಲಿ ಒದ್ದೆ ಬಟ್ಟೆ ಹರವಿದ ಹೆಂಗಸೊಬ್ಬಳು ಬಿಸಿಲನ್ನು ಕರೆಯುವ ಹಾಡು. ನಾಲ್ಕು ಗುಂಪು ನಾಲ್ಕು ದಾರಿಯಲ್ಲಿ ಹೋಗಿ "ಬಿಸಿಲೇ ಬಾ" ಎಂಬಲ್ಲಿ ಕೂಡುತ್ತವೆ. ಅಲ್ಲಿ ಎಂಟು ಎಣಿಕೆ ಮೌನ.

ಆ ಎಂಟು ಎಣಿಕೆಯೇ ಅಂಗಾರನಿಗೆ ಮುಳುವಾಯಿತು. ಎಲ್ಲರೂ ನಿಲ್ಲಿಸಿದರೂ ಅವನ ದಪ್ಪ ದನಿ "ಬಾ" ಹಿಡಿದುಕೊಂಡೇ ಇರುತ್ತಿತ್ತು. ಒಂದು ಸಲವಲ್ಲ, ಪ್ರತಿ ಸಲ.

"ಅಂಕಲ್, ಇಲ್ಲಿ ಸೈಲೆನ್ಸ್ ಇದೆ ನಾ! ಸೈಲೆನ್ಸೇ ಗಾನಾ ಇದು," ಎಂದಳು ಹರಿಣಿ.

"ಆದತ್, ಹಳೇ ಅಭ್ಯಾಸ ಮಾರಾಯ್ತಿ. ಎಂತ ಮಾಡುದು?"

ವರ್ಷದ ಕಾರ್ಯಕ್ರಮಕ್ಕೆ ಮುಂಚಿನ ಕೊನೆಯ ಪ್ರಾಕ್ಟೀಸಿನ ದಿನ ಅವಳು ಅವನನ್ನು ಬದಿಗೆ ಕರೆದು ಮೆಲ್ಲಗೆ ಹೇಳಿದಳು. "ಶೋನಲ್ಲೂ ಹೀಗೇ ಆದ್ರೆ, ಅಂಕಲ್, ನೆಕ್ಸ್ಟ್ ಇಯರ್‌ನಿಂದ ನೀವು ಆಡಿಯನ್ಸ್‌ನಲ್ಲಿ ಕೂತ್ಕೊಳ್ಳಿ. ಸಾರಿ."

"ಆಯ್ತು. ತಪ್ಪಿದರೆ ನಾನೇ ಹಾಡಿನ ಫೈಲು ಕೊಟ್ಟು ಹೋಗ್ತೇನೆ," ಎಂದ ಅಂಗಾರ. ಹೋಟೆಲು ಬಿಟ್ಟ ಮೇಲೆ ಅವನಿಗೆ ವಾರದಲ್ಲಿ ಉಳಿದದ್ದು ಸೋಮವಾರವೊಂದೇ.

ಆ ವಾರವಿಡೀ ಸ್ನಾನದ ಮನೆಯಲ್ಲಿ ಮೌನದ ಅಭ್ಯಾಸ ನಡೆಯಿತು. "ಬಾ" ಎಂದು ತುಟಿ ಕಚ್ಚಿ ಎಂಟು ಎಣಿಸುವುದು. ವಿನೋದಿನಿ ಗಾಬರಿಯಾಗಿ ಎರಡು ಸಲ ಬಾಗಿಲು ಬಡಿದಳು.

ಅವನು ಯಾರಿಗೂ ಹೇಳದ ಸಂಗತಿ ಇನ್ನೊಂದಿತ್ತು. ಎರಡು ತಿಂಗಳಿಂದ ಮಧ್ಯಾಹ್ನದ ಹೊತ್ತು ಫೋನಿನಲ್ಲಿ ರುಕ್ಮಿಣಿಬಾಯಿಗೆ ಅದೇ ಹಾಡು ಕಲಿಸುತ್ತಿದ್ದ. "ಹೊಸಾದು ನನಗೂ ಬೇಕೋ," ಎಂದು ಅವರೇ ಕೇಳಿದ್ದರು. ಎಂಬತ್ತೆರಡರ ಆ ದನಿ "ಬಾ" ಎಂಬಲ್ಲಿಗೆ ಬಂದೊಡನೆ ತಾನಾಗಿ ಉದ್ದವಾಗುತ್ತಿತ್ತು. "ಈ ಹಾಡಿನಲ್ಲಿ ಗಾಡಿ ಇಲ್ಲ ಬಾಯಿ, ನಿಲ್ಲಿಸಿ" ಎನ್ನಲು ಅವನಿಗೆ ಮನಸ್ಸು ಬರಲಿಲ್ಲ. ಮನೆಯಲ್ಲಿ ಕೂತು ಹಾಡಿಕೊಳ್ಳುವವರು, ಯಾರಿಗೇನು ನಷ್ಟ ಎಂದುಕೊಂಡು ಸುಮ್ಮನಾದ.

ಕಾರ್ಯಕ್ರಮದ ಸಂಜೆ ನೋಡಿದರೆ, ಮೊದಲ ಸಾಲಿನಲ್ಲೇ ರುಕ್ಮಿಣಿಬಾಯಿ! ಇಳಕಲ್ ಸೀರೆ, ಗಾಲಿ ಕುರ್ಚಿ, ಪಕ್ಕದಲ್ಲಿ ಮಗಳು.

ಹಾಡು ಚೆನ್ನಾಗಿಯೇ ಏರಿತು. "ಬಿಸಿಲೇ ಬಾ." ಹರಿಣಿಯ ಮುಷ್ಟಿ ಮುಚ್ಚಿತು. ಅಂಗಾರನ ಬಾಯಿಯೂ ಮುಚ್ಚಿತು. ಜನ್ಮದಲ್ಲಿ ಮೊದಲ ಸಲ ಅವನು ಸರಿಯಾಗಿ ನಿಲ್ಲಿಸಿದ್ದ.

ನಿಲ್ಲಿಸದಿದ್ದವರು ರುಕ್ಮಿಣಿಬಾಯಿ. ಕಣ್ಣು ಮುಚ್ಚಿ, ಹಿಂದಿನಂತೆಯೇ ಅಂಗೈ ಎತ್ತಿ, ನಡುಗುವ ದನಿಯಲ್ಲಿ "ಬಾ" ಹಿಡಿದಿದ್ದರು. ಸದ್ದಿಲ್ಲದ ಆ ದೊಡ್ಡ ಹಾಲ್‌ನಲ್ಲಿ ಅದೊಂದೇ ದನಿ. ಹಿಂದೆ ಯಾರೋ ಕಿಸಕ್ಕೆಂದರು. ಮಗಳು ತಾಯಿಯ ಮೊಣಕೈ ಹಿಡಿದು ಜಗ್ಗಿದಳು.

ಅಂಗಾರ ಮೂರರವರೆಗೆ ಎಣಿಸಿದ. ಸುಮ್ಮನಿದ್ದರೆ ಸೋಮವಾರಗಳು ಅವನವೇ. ಆದರೆ ಬಾಯಿಯವರ ಆ ತಪ್ಪನ್ನು ತಿದ್ದದೆ ಬಿಟ್ಟವನೂ ಅವನೇ. ಹಾಳಾಗಿ ಹೋಗಲಿ ಎಂದುಕೊಂಡು ಬಾಯಿ ತೆರೆದ.

ಅವನ ದಪ್ಪ ದನಿ ಆ ತೆಳು ದನಿಯ ಕೆಳಗೆ ಹೋಗಿ ನಿಂತಿತು. ವೃಂದದ ಹಿಂದಿನ ಸಾಲಿನಿಂದ ಗಾರೆ ಕೆಲಸದ ಶಾಂತಪ್ಪ ಸೇರಿದ. ಆಮೇಲೆ ಪ್ರೇಕ್ಷಕರಲ್ಲಿ ಚಾಳಿನ ಹಳಬರು ಒಬ್ಬೊಬ್ಬರಾಗಿ ಸೇರಿದರು. ಎಂಟು ಎಣಿಕೆ ಎಂದೋ ಕಳೆದಿತ್ತು. ಹರಿಣಿಯ ಕೈ ಮೇಲೆಯೇ ಇತ್ತು. ರುಕ್ಮಿಣಿಬಾಯಿ ಅಂಗೈ ಇಳಿಸಿದರು. ಅಷ್ಟೂ ದನಿಗಳು ಒಟ್ಟಿಗೆ ನಿಂತವು. ಆಗ ಹರಿಣಿ ಮುಂದಿನ ಸಾಲಿಗೆ ಕೈ ಇಳಿಸಿದಳು.

ಮುಗಿದ ಮೇಲೆ ಅಂಗಾರ ಫೈಲು ಚಾಚಿದ. "ತಗೋ ಮಗಾ. ಹೇಳಿದ ಮಾತಿಗೆ ನಾನು ತಪ್ಪುವುದಿಲ್ಲ."

ಹರಿಣಿ ಫೈಲು ಮುಟ್ಟಲಿಲ್ಲ. "ಆಮೇಲೆ ನಿಲ್ಸೋಕೆ ನಾನು ಕಟ್ ಕೊಡಲೇ ಇಲ್ಲ, ಅಂಕಲ್. ಕಣ್ಣು ಮುಚ್ಚಿದವರೂ ಒಟ್ಟಿಗೆ ನಿಲ್ಲಿಸಿದ್ರು. ಹೇಗೆ ಗೊತ್ತಾಯ್ತು?"

"ಗಾಡಿಯ ಕೊನೆಯ ಡಬ್ಬಿ ದಾಟಿತಲ್ಲ," ಎಂದ ಅಂಗಾರ.

ಅವಳು ಅವನ ಮುಖವನ್ನೇ ನೋಡಿದಳು. ಫೈಲನ್ನು ಅವನ ಎದೆಗೆ ಒತ್ತಿ, "ಮಂಡೇ ಬೇಗ ಬನ್ನಿ. ಅದನ್ನ ನಮಗೆಲ್ಲ ಕಲಿಸ್ಬೇಕು," ಎಂದಳು.

ಹೊರಗೆ ಬಂದವನ ಕಣ್ಣು ತುಂಬಿತ್ತು. ಬಾಗಿಲ ಬಳಿ ರುಕ್ಮಿಣಿಬಾಯಿ ಅವನಿಗಾಗಿಯೇ ಕಾದಿದ್ದರು. ಕಾಲು ಮುಟ್ಟಲು ಬಗ್ಗಿದವನ ಕಿವಿ ಹಿಂಡಿದರು.

"ತಡಾ ಮಾಡಿದಿ ಅಂಗಾರಾ. ಮೊದಲಿನ ನಾಕು ಡಬ್ಬಿ ನಾ ಒಬ್ಬಾಕಿನ ಹಿಡಿದಿದ್ನಲ್ಲೋ."