ಎರಡು ತೂಕ ಒಂದಾದ ದಿನ

ಮೂರನೇ ಸಲವೂ ತೊಂಬತ್ತೊಂಬತ್ತಕ್ಕೆ ಬಂದು ನಿಂತಿತು. ಅಕ್ಕ ಅಳಲಿಲ್ಲ. ಪರದೆಯ ಮೇಲೆ ಮೂಡಿದ ಕೆಂಪು ಪಟ್ಟಿಯನ್ನೇ ನೋಡುತ್ತ ಪೆನ್ನಿನ ಮುಚ್ಚಳ ಕಡಿಯುತ್ತ ಕೂತಿದ್ದಳು. ಗೋಡೆಯ ಗಡಿಯಾರದಲ್ಲಿ ಎರಡೂವರೆ. ಐದು ಗಂಟೆಯೊಳಗೆ ಅವಳ ಫೈಲು ಸಂಶೋಧನೆಯ ಮಾಹಿತಿ ಕೂಡಿಡುವ ಒಂದು ಭಂಡಾರದ ವೆಬ್‌ಸೈಟಿಗೆ ಏರಬೇಕು, ಅವರು ಅದಕ್ಕೊಂದು ನೋಂದಣಿ ಸಂಖ್ಯೆ ಕೊಡಬೇಕು. ಸಂಖ್ಯೆ ಇಲ್ಲದೆ ಅವಳ ಪ್ರಬಂಧವನ್ನು ಪತ್ರಿಕೆಯವರು ಅಚ್ಚು ಹಾಕುವುದಿಲ್ಲ. ಪ್ರಬಂಧ ಅಚ್ಚಾಗದಿದ್ದರೆ ಈ ತಿಂಗಳ ಕೊನೆಗೆ ಅವಳ ಕೆಲಸವೂ ಮುಗಿಯಿತು. ಮೂರು ವರ್ಷದ ಬೆವರು ಕೊನೆಯ ಒಂದೇ ಒಂದು ಶೇಕಡಾದಲ್ಲಿ ಸಿಕ್ಕಿಕೊಂಡಿತ್ತು.

ನಾನು ಸಂಶೋಧನಾ ಸಂಸ್ಥೆಯ ಅವಳ ಕೋಣೆಗೆ ಹೋಗಿದ್ದು ಊಟದ ಡಬ್ಬಿ ಕೊಡಲು. ನನ್ನ ಕೆಲಸ ನದಿಯಾಚೆಯ ವೇಬ್ರಿಡ್ಜಿನಲ್ಲಿ, ಲಾರಿ ತೂಗುವುದು. ಎಂಟನೇ ತರಗತಿಯಲ್ಲಿ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದ್ದರು. ಇಳಿದವನು ಸೀದಾ ಮನೆಗೆ ಬಂದೆ, ಮತ್ತೆ ಆ ಬೆಂಚು ಹತ್ತಲಿಲ್ಲ. ನಾನು ಬಿಟ್ಟ ಓದನ್ನೂ ಸೇರಿಸಿ ಅಕ್ಕನೇ ಓದಿದಳು ಎಂದು ಅಮ್ಮ ಹೇಳುತ್ತಾಳೆ.

ಅಕ್ಕನ ಸಂಶೋಧನೆ ಇಷ್ಟೇ: ಹಳೇ ಸೇತುವೆಯ ಹೊಟ್ಟೆಗೆ ನಾಲ್ಕು ಪುಟ್ಟ ಯಂತ್ರ ಅಂಟಿಸಿದ್ದಾಳೆ. ಲಾರಿ ಹಾದರೆ ಸೇತುವೆ ಎಷ್ಟು ನಡುಗಿತು ಎನ್ನುವುದು ಕ್ಷಣಕ್ಷಣವೂ ಅವಳ ಕೋಣೆಯ ಕಂಪ್ಯೂಟರಿಗೆ ಬಂದು ಬೀಳುತ್ತದೆ. ಯಾವ ಲಾರಿ ಎಷ್ಟು ಭಾರದ್ದು, ಎಷ್ಟು ಹೊತ್ತಿಗೆ ನಮ್ಮ ಗೇಟು ಬಿಟ್ಟಿತು ಎಂದು ದಿನಾ ಸಂಜೆ ಕಳಿಸುತ್ತಿದ್ದವನು ನಾನು. ಮೂರು ವರ್ಷ, ಜ್ವರ ಬಂದ ದಿನವೂ ತಪ್ಪಿಸಿಲ್ಲ. ಪ್ರಬಂಧದಲ್ಲಿ ಅದನ್ನು 'ವಾಹನ ಭಾರದ ದಾಖಲೆ' ಎಂದು ಬರೆದಿದ್ದಾಳೆ.

ಕಂಪ್ಯೂಟರ್ ವಿಭಾಗದ ಮುಖ್ಯಸ್ಥ ಬೆಳಿಗ್ಗೆಯೇ ಬಂದು ಹೋಗಿದ್ದನಂತೆ. ಈಗ ಮತ್ತೆ ಬಂದ. ಒಳಗೆ ಕಾಲಿಡದೆ, ಕೈಯಲ್ಲಿ ಕಾಫಿ ಲೋಟ ಹಿಡಿದು ಬಾಗಿಲಿಗೆ ಒರಗಿ ನಿಂತ. ಇಂಟರ್ನೆಟ್ಟು ಚೆನ್ನಾಗಿದೆ, ತಪ್ಪು ನಮ್ಮ ಕಡೆಯದಲ್ಲ, ಕಂಪ್ಯೂಟರನ್ನು ಒಮ್ಮೆ ಆರಿಸಿ ಹಚ್ಚಿ ಎಂದ. ಅಕ್ಕ ಆಗದು ಎಂದಳು. ಆರಿಸಿದರೆ ಸೇತುವೆಯ ದಾಖಲೆ ನಿಲ್ಲುತ್ತದೆ. ಸಾವಿರದ ನೂರ ಎರಡು ದಿನದಲ್ಲಿ ಒಂದು ಕ್ಷಣವೂ ಅದು ನಿಂತಿಲ್ಲ, ಪ್ರಬಂಧದ ಬೆನ್ನೆಲುಬೇ ಅದು.

"ಹಟ ಮಾಡಿದ್ರೆ ಹೀಗೇ ಮೇಡಂ," ಎಂದ ಅವನು. ಆಮೇಲೆ ಪರದೆಯ ಹತ್ತಿರ ಬಗ್ಗಿದ್ದ ನನ್ನನ್ನು ನೋಡಿ, "ಡಬ್ಬಿ ತರೋರನ್ನೆಲ್ಲ ಯಂತ್ರದ ಹತ್ತಿರ ಬಿಡಬೇಡಿ."

ನನ್ನ ಕಿವಿ ಕಾದ ಕಾವಲಿಯಾಯಿತು. ಬಾಯಿ ತೆರೆದಿದ್ದೆ, ಅಕ್ಕ ಮೇಜಿನ ಕೆಳಗೆ ಕಾಲು ತುಳಿದಳು. ಕೋಪ ನುಂಗಿಕೊಂಡು ಪರದೆಯ ಕಡೆ ತಿರುಗಿದೆ. ಅಲ್ಲಿದ್ದ ಇಂಗ್ಲಿಷ್ ಸಾಲುಗಳು ನನ್ನ ತಲೆಗೆ ಹತ್ತಲಿಲ್ಲ. ಆದರೆ ಕೆಂಪು ಪಟ್ಟಿಯ ಕೆಳಗೆ, ಇರುವೆ ಸಾಲಿನಷ್ಟು ಸಣ್ಣದಾಗಿ, ಎರಡು ಉದ್ದನೆಯ ಅಂಕಿಗಳಿದ್ದವು. ಅಂಕಿ ನನಗೆ ಹೊಸದೇ? ಬೆಳಗಾದರೆ ಅದೇ ನನ್ನ ಅನ್ನ.

ಇವೇನು ಎಂದು ಕೇಳಿದೆ. ಒಂದು, ಕಳಿಸುವ ಮೊದಲು ಹೇಳಿದ ಫೈಲಿನ ಗಾತ್ರ. ಇನ್ನೊಂದು, ಕೊನೆಯಲ್ಲಿ ಸಿಕ್ಕ ಗಾತ್ರ ಎಂದಳು. ಎರಡರ ಕೊನೆಯ ಆರು ಅಂಕಿ ಬೇರೆ ಬೇರೆ. ಅಕ್ಕ ಕೆಮ್ಮಿದ್ದನ್ನೂ ಬರೆದಿಡುವವಳು. ಹಿಂದಿನ ಎರಡು ಸಲದ ಅಂಕಿಗಳೂ ಅವಳ ಪುಸ್ತಕದಲ್ಲಿದ್ದವು. ಮೂರು ಸಲದ ಆರೂ ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆಸಿದೆ. ಮೆಟ್ಟಿಲು ಹತ್ತಿದ ಹಾಗೆ ಒಂದಕ್ಕಿಂತ ಒಂದು ದೊಡ್ಡದು.

"ಅಕ್ಕ, ನಿನ್ನ ಫೈಲು ದಪ್ಪ ಆಗ್ತಾ ಇದೆ."

"ಫೈಲು ಹೇಗೋ ದಪ್ಪ ಆಗತ್ತೆ?"

"ಸೇತುವೆ ನಡುಗಿದ್ದು ಎಲ್ಲಿ ಬಂದು ಕೂರತ್ತೆ? ಬೇರೆ ಫೈಲಿಗಾ, ಇದಕ್ಕೇನಾ?"

ಅವಳ ಬಾಯಿಂದ ಪೆನ್ನಿನ ಮುಚ್ಚಳ ಬಿತ್ತು.

ನಮ್ಮಲ್ಲಿ ಒಮ್ಮೆ ಹೀಗೇ ಆಗಿತ್ತು. ನೀರಿನ ಟ್ಯಾಂಕರಿನವನು ನೀರು ತುಂಬುವ ಪೈಪು ಕೀಳುವುದನ್ನು ಮರೆತು ತೂಕದ ಕಟ್ಟೆ ಹತ್ತಿದ್ದ. ಮೂರು ಸಲ ತೂಗಿದೆ, ಮೂರು ತೂಕ. ಯಂತ್ರ ಕೆಟ್ಟಿದೆ ಎಂದು ಮಾಲೀಕ ನನ್ನನ್ನೇ ಬೈದ. ಯಂತ್ರ ಸರಿಯಾಗಿತ್ತು, ನೀರು ಒಳಗೆ ಬೀಳುತ್ತಲೇ ಇತ್ತು. ಇಲ್ಲೂ ಅದೇ ಕಥೆ. ಅಪ್‌ಲೋಡಿಗೆ ಮುಕ್ಕಾಲು ಗಂಟೆ ಬೇಕು, ಅಷ್ಟರಲ್ಲಿ ಮತ್ತಷ್ಟು ಲಾರಿ ಸೇತುವೆ ದಾಟಿ ಫೈಲು ಇನ್ನಷ್ಟು ಹಿಗ್ಗುತ್ತದೆ. ಗೇಟಿನಲ್ಲಿ ಬರೆಸಿದ ತೂಕ ಒಂದು, ಒಳಗಿನ ತೂಕ ಇನ್ನೊಂದು. ಯಾವ ಗೇಟಿನವನು ಬಿಡುತ್ತಾನೆ?

ದಾಖಲೆ ನಿಲ್ಲಿಸುವುದು ಬೇಡ, ಒಂದು ನಕಲು ತೆಗೆದು ಅದನ್ನು ಕಳಿಸು ಎಂದೆ. ಆದರೆ ಅವಳ ಕಂಪ್ಯೂಟರಿನಲ್ಲಿ ಸಾಸಿವೆ ಇಡಲೂ ಜಾಗವಿರಲಿಲ್ಲ. ಹಾರ್ಡ್ ಡಿಸ್ಕ್ ಕೇಳಲು ಮುಖ್ಯಸ್ಥನ ಕೋಣೆಗೆ ಓಡಿದಳು, ಬರಿಗೈಯಲ್ಲಿ ಬಂದಳು. ಅರ್ಜಿ ಬರೆಯಬೇಕಂತೆ, ಅದಕ್ಕೆ ನಿರ್ದೇಶಕರ ಸಹಿ ಬೇಕಂತೆ, ನಿರ್ದೇಶಕರು ಬರುವುದು ನಾಳಿದ್ದಂತೆ. ಅವನ ಕಪಾಟಿನಲ್ಲಿ ಏಳು ಡಿಸ್ಕುಗಳನ್ನು ತನ್ನ ಕಣ್ಣಾರೆ ನೋಡಿದಳಂತೆ.

ನನ್ನ ಚೀಲದಲ್ಲಿ ಒಂದಿತ್ತು. ಅದರ ತುಂಬ ಸಿನಿಮಾ. ನಾಲ್ಕು ವರ್ಷ ಗೆಳೆಯರನ್ನು ಕಾಡಿ ಬೇಡಿ ಕೂಡಿಸಿದ ಇನ್ನೂರ ಹನ್ನೊಂದು ಸಿನಿಮಾ. ಅಕ್ಕ ನನ್ನ ಮುಖ ನೋಡಿದಳು. ನಾನು ಯಾರ ಮುಖವನ್ನೂ ನೋಡದೆ ಅಳಿಸಿದೆ. ನಾಯಕ, ಖಳನಾಯಕ, ಇಬ್ಬರ ತಾಯಂದಿರು, ಎಲ್ಲರೂ ಒಂದೇ ಒತ್ತಿಗೆ ಸತ್ತರು.

ನಕಲು ಮುಗಿದಾಗ ಮೂರೂವರೆ. ನಕಲಿನ ಬಾಲದಲ್ಲಿ ಅರ್ಧಕ್ಕೆ ತುಂಡಾಗಿದ್ದ ಸಾಲನ್ನು ಅಕ್ಕ ಕತ್ತರಿಸಿದಳು. ತನ್ನ ಲ್ಯಾಪ್‌ಟಾಪಿಗೆ ಡಿಸ್ಕ್ ಸಿಕ್ಕಿಸಿ ಮತ್ತೆ ಶುರು ಮಾಡಿದಳು. ಹತ್ತು, ಇಪ್ಪತ್ತು, ನಲವತ್ತು. ಕಾಯುತ್ತ ವೆಬ್‌ಸೈಟಿನ ಅರ್ಜಿಯ ಉಳಿದ ಮನೆಗಳನ್ನು ತುಂಬಿದಳು. ದತ್ತಾಂಶ ಸಂಗ್ರಹಿಸಿದವರು ಯಾರು ಎಂದಿದ್ದ ಕಡೆ ತನ್ನ ಹೆಸರು, ತನ್ನ ಮಾರ್ಗದರ್ಶಕರ ಹೆಸರು ಬರೆದಳು. ಆಮೇಲೆ ನನ್ನದನ್ನೂ.

"ನಿನ್ನ ಸಂಸ್ಥೆ ಯಾವುದು ಅಂತ ಕೇಳ್ತಿದೆ ಕಣೋ."

"ವೇಬ್ರಿಡ್ಜು ಅಂತ ಹಾಕು. ಸುಳ್ಳು ಯಾಕೆ?"

ಹಾಗೇ ಹಾಕಿದಳು.

ತೊಂಬತ್ತೊಂಬತ್ತಕ್ಕೆ ಬಂದಾಗ ನಾಲ್ಕೂ ಇಪ್ಪತ್ತೈದು. ನಿಂತಿತು. ಅಕ್ಕ ಕಣ್ಣು ಮುಚ್ಚಿ ನನ್ನ ಮಣಿಕಟ್ಟು ಹಿಡಿದಿದ್ದಳು, ಉಗುರು ಇಳಿಯುವಷ್ಟು. ಆಮೇಲೆ ನೂರು. ಪಟ್ಟಿ ಹಸಿರಾಯಿತು. ಕೆಳಗಿನ ಎರಡು ಅಂಕಿಗಳನ್ನು ನಾನು ಬೆರಳಿಟ್ಟು ಒಂದೊಂದಾಗಿ ಓದಿದೆ. ಕೊನೆಯವರೆಗೂ ಒಂದೇ. ನಾಲ್ಕೂ ನಲವತ್ತೊಂದಕ್ಕೆ ನೋಂದಣಿ ಸಂಖ್ಯೆ ಬಂತು. ಅಕ್ಕ ಅದನ್ನು ಪುಸ್ತಕದಲ್ಲಿ ಬರೆದು, ಅದರ ಸುತ್ತ ಚೌಕ ಹಾಕಿ, ಆ ಚೌಕದ ಸುತ್ತ ಇನ್ನೊಂದು ಚೌಕ ಹಾಕಿದಳು. ಆಮೇಲೆ ಪತ್ರಿಕೆಯವರಿಗೆ ಕಳಿಸಿದಳು. ತಲುಪಿತು, ಅಚ್ಚಿಗೆ ಹೋಗುತ್ತದೆ ಎಂಬ ಉತ್ತರ ಐದಕ್ಕೆ ಹತ್ತು ನಿಮಿಷ ಇರುವಾಗಲೇ ಬಂತು.

ನಾವು ನಗುವುದು ಹೊರಗೆ ಕೇಳಿಸಿರಬೇಕು. ಮುಖ್ಯಸ್ಥ ಮತ್ತೆ ಬಾಗಿಲಿಗೆ ಬಂದ. ಹಸಿರು ಪಟ್ಟಿ ನೋಡಿ, ಈ ಸಲ ಒಳಗೇ ಬಂದ. ಪಕ್ಕದ ವಿಭಾಗದ ಇಬ್ಬರದ್ದೂ ಹೀಗೇ ಕೊನೆಯಲ್ಲಿ ನಿಲ್ಲುತ್ತಿದೆಯಂತೆ, ಬೆಳಿಗ್ಗೆಯಿಂದ ಫೋನ್ ಮಾಡಿ ತಲೆ ತಿನ್ನುತ್ತಿದ್ದಾರಂತೆ. ಏನಾಗಿತ್ತು ಮೇಡಂ ಎಂದು ಅಕ್ಕನನ್ನು ಕೇಳಿದ. ಅಕ್ಕ ನನ್ನ ಕಡೆ ಕೈ ತೋರಿಸಿದಳು. ಅವನು ನನ್ನ ಕಡೆ ತಿರುಗಲೇಬೇಕಾಯಿತು.

"ಒಂದು ಅರ್ಜಿ ಬರೆದುಕೊಡಿ ಸಾರ್," ಎಂದೆ. "ನಿರ್ದೇಶಕರ ಸಹಿ ಹಾಕಿಸಿ. ಅವರು ನಾಳಿದ್ದು ಬರ್ತಾರಂತೆ."

ಈ ಸಲ ಅಕ್ಕ ಕಾಲು ತುಳಿಯಲಿಲ್ಲ. ಡಬ್ಬಿ ತೆಗೆದು ಮೇಜಿನ ಮೇಲಿಟ್ಟು, ಅವನ ಎದುರಿಗೇ ನನಗೆ ಮೊದಲು ಬಡಿಸಿದಳು. ಊಟ ಯಾವಾಗಲೋ ತಣ್ಣಗಾಗಿತ್ತು. ಪಕ್ಕದ ಕಂಪ್ಯೂಟರಿನಲ್ಲಿ ಸೇತುವೆಯ ಗೆರೆ ಒಮ್ಮೆ ನೆಗೆದು ಇಳಿಯಿತು. ದಾಟಿದ ಲಾರಿ ಹತ್ತೊಂಬತ್ತು ಟನ್ನಿಗೆ ಕಮ್ಮಿ ಇರಲಿಲ್ಲ.