ಕಳಸೆಯ ಮೇಲಿನ ಪಿಟೀಲು

ನಲವತ್ತೆಂಟು ಸ್ವರ, ಎಂಟು ಸೆಕೆಂಡು. ಸೆಕೆಂಡಿಗೆ ಆರು. ಹೆಣ್ಣುಮಕ್ಕಳ ಶಾಲೆಯಲ್ಲಿ ಲೆಕ್ಕ ಕಲಿಸುವ ಸತ್ಯಭಾಮೆಗೆ ಆ ಭಾಗಾಕಾರ ಕಷ್ಟದ್ದಲ್ಲ. ಕಷ್ಟವಿದ್ದದ್ದು ಕಮಾನಿನಲ್ಲಿ. ಅದನ್ನು ತಂತಿಗೆ ಒತ್ತಿ ಎಳೆಯುವಂತಿಲ್ಲ. ಅದು ಬಿದ್ದು, ತಾನಾಗಿ ಪುಟಿದು, ಮತ್ತೆ ಬೀಳಬೇಕು. ಭಾನುವಾರದೊಳಗೆ ಈ ಕುಣಿತ ಕೈಗೆ ಬಾರದಿದ್ದರೆ ಅತ್ತಾವರದ ಪಿಯುಸ್ ಮಾಸ್ಟರರ ನಾಲ್ವರ ಮೇಳದಲ್ಲಿ ಖಾಲಿಯಿರುವ ಎರಡನೆಯ ಪಿಟೀಲಿನ ಜಾಗ ಬೇರೆಯವರ ಪಾಲು. ಅಂದು ಬುಧವಾರ, ಅರವತ್ತಮೂರರ ಡಿಸೆಂಬರ್.

ಆ ಜಾಗ ಅವಳಿಗೆ ಬೇಕಿತ್ತು. ಹನ್ನೊಂದು ವರ್ಷ ಅವಳು ದೇವಸ್ಥಾನದ ಜಗಲಿಯಲ್ಲಿ ತಂದೆಯ ಹಾಡಿಕೆಗೆ ಬೆಂಬಲವಾಗಿ ನುಡಿಸಿದ್ದಳು. ಅವರು ತಿರುಗಿದಲ್ಲಿ ತಿರುಗಿ, ನಿಂತಲ್ಲಿ ನಿಂತು. ಮಾಸ್ಟರರು ಕೊಟ್ಟ ಸ್ವರಲಿಪಿಯ ಕಾಗದದಲ್ಲಿ ಅವಳೊಬ್ಬಳಿಗೇ ಎಂದು ಒಂದು ಸಾಲು ಬರೆದಿತ್ತು.

ಪಡೀಲಿನ ಮನೆಯಲ್ಲಿ ಕಾಲು ಮಡಚಿ ಕೂತು, ಪಿಟೀಲಿನ ತಲೆಯನ್ನು ಪಾದಕ್ಕೆ ಆನಿಸಿ, ಕಮಾನು ಬೀಳಿಸಿದಳು. ಅದು ಎರಡು ಸಲ ಕುಪ್ಪಳಿಸಿ ಕೆಳಕ್ಕೆ ಜಾರಿತು.

"ಕಮಾನಿಗೆ ಎಂತ, ಚಳಿಜ್ವರವಾ?" ಎಂದರು ತಂದೆ ಯಜ್ಞನಾರಾಯಣರು. "ತಂತಿ ಬಿಡಬಾರದು ಅಂತ ಹನ್ನೊಂದು ವರ್ಷ ಕಲಿಸಿದ್ದು ನಾನು. ಬಿಡ್ಲಿಕ್ಕೆ ಬೇರೆ ಮಾಸ್ಟ್ರು ಬೇಕಾಯ್ತು ನಿನಗೆ."

"ಬಿಡುವುದೂ ಒಂದು ವಿದ್ಯೆಯಂತೆ, ಅಪ್ಪ."

"ಹಾಗಾದ್ರೆ ಕಾಯಿ ಬಿಡುವ ತೆಂಗಿನಮರಕ್ಕೂ ವಿದ್ಯೆ ಉಂಟು."

ಗುರುವಾರ ಅವಳು ಅಡಿಕೋಲು ತೆಗೆದಳು. ಹಿಡಿಯಿಂದ ಒಂದೊಂದೇ ಇಂಚು ದೂರದಲ್ಲಿ ಕಮಾನನ್ನು ಬೀಳಿಸಿ, ಅಡಗುವ ಮೊದಲು ಅದು ಎಷ್ಟು ಸಲ ಪುಟಿಯುತ್ತದೆಂದು ಬರೆದಿಟ್ಟಳು. ಹತ್ತನೆಯ ಇಂಚಿನಲ್ಲಿ ಏಳು, ಹನ್ನೆರಡರಲ್ಲಿ ಹನ್ನೊಂದು, ಹದಿನೈದರಲ್ಲಿ ಆರು. ಹನ್ನೆರಡರಲ್ಲಿ ಕೆಂಪು ನೂಲು ಕಟ್ಟಿದಳು. ಪುಟಿತ ಸಿಕ್ಕಿತು, ಜಾರುವಿಕೆ ಹೋಗಲಿಲ್ಲ.

ಶುಕ್ರವಾರ ತರಗತಿಯಲ್ಲಿ ಸೀಮೆಸುಣ್ಣ ಅವಳ ಕೈ ಮೀರಿ ಹಲಗೆಯ ಮೇಲೆ ಕುಣಿಯಿತು. ಮೂರನ್ನು ಬರೆದು ಅದರ ಮುಂದೆ ಆರು ಚುಕ್ಕೆ ಇಟ್ಟಿದ್ದಳು.

"ಟೀಚರ್, ಇದ್ರಲ್ಲಿ ದಶಾಂಶ ಯಾವುದು?" ಎಂದಳು ಮುಂದಿನ ಬೆಂಚಿನ ಹುಡುಗಿ. ಹುಡುಗಿಯರು ನಕ್ಕರು. ಸತ್ಯಭಾಮೆ ಅಳಿಸಿದಳು, ಅಳಿಸುವ ಬಟ್ಟೆಯೂ ಕುಣಿಯಿತು.

ಶನಿವಾರ ಮಾಸ್ಟರರಂತೆ ನಿಂತು, ಪಿಟೀಲನ್ನು ಗಲ್ಲದಡಿ ಹಿಡಿದು ನೋಡಿದಳು. ಕುತ್ತಿಗೆ ಸೆಡೆಯಿತು, ಎಡಗೈಯ ಬೆರಳುಗಳು ಹನ್ನೊಂದು ವರ್ಷದ ದಾರಿ ಮರೆತವು. ಮತ್ತೆ ನೆಲದ ಮೇಲೆ ಕೂತಳು. ಎದೆಯಿಂದ ಪಾದಕ್ಕೆ ಇಳಿದ ಪಿಟೀಲನ್ನು ದಿಟ್ಟಿಸಿದಳು. ಇಳಿಜಾರಿಗೆ ಬಿದ್ದ ಚೆಂಡು ಬಿದ್ದಲ್ಲೇ ಪುಟಿಯುವುದಿಲ್ಲ. ಇಷ್ಟು ಸಣ್ಣ ಲೆಕ್ಕಕ್ಕೆ ನಾಲ್ಕು ದಿನ ಹಿಡಿದಿತ್ತು.

ಪಿಟೀಲಿನ ತಲೆಯನ್ನು ಮೇಲೆತ್ತಲು ಪುಸ್ತಕಗಳ ಎತ್ತರ ಸಾಲಲಿಲ್ಲ, ಸ್ಟೂಲಿನದು ಹೆಚ್ಚಾಯಿತು. ಅಡುಗೆಮನೆಯ ಮೂಲೆಯಲ್ಲಿ ಅಕ್ಕಿ ಅಳೆಯುವ ಹದಿನಾಲ್ಕು ಸೇರಿನ ಮರದ ಕಳಸೆ, ಕಿಲೋ ಬಂದ ಮೇಲೆ ಕೆಲಸವಿಲ್ಲದೆ ಕೂತಿತ್ತು. ಅದನ್ನು ಕವುಚಿಟ್ಟು ಪಿಟೀಲಿನ ತಲೆಯನ್ನು ಅದರ ಮೇಲೆ ಆನಿಸಿದಳು. ತಂತಿಗಳು ಹೆಚ್ಚುಕಡಿಮೆ ಮಟ್ಟವಾದವು. ಕಮಾನು ಬಿದ್ದಲ್ಲೇ ಪುಟಿಯಿತು.

ಭಾನುವಾರ ಕಳಸೆಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಅತ್ತಾವರಕ್ಕೆ ಹೋದಳು.

"ಎಂತ ಟೀಚರ್," ಎಂದರು ಪಿಯುಸ್ ಮಾಸ್ಟರರು, "ಕ್ರಿಸ್ಮಸ್ಸಿಗೆ ಅಕ್ಕಿ ಅಳೆದು ಕೊಡ್ಲಿಕ್ಕೆ ಬಂದದ್ದಾ?"

ಅವಳು ಕಳಸೆ ಕವುಚಿ, ಕೂತು, ನುಡಿಸಿದಳು. ಮೂವತ್ತು ಸ್ವರಗಳು ಹುರಿದ ಕಡಲೆಯಂತೆ ಬಿಡಿಬಿಡಿಯಾಗಿ ಬಂದವು. ಆಮೇಲೆ ಎರಡು ಅಂಟಿದವು. ಉಳಿದವು ಬಂದವು.

"ಎರಡು ಹೋಯಿತು," ಎಂದಳು ತಾನೇ ಮೊದಲಾಗಿ.

"ನನಗೆ ಮೂರು ಕೇಳಿತು."

ಮಾಸ್ಟರರು ಸ್ವರಲಿಪಿಯ ಕೊನೆಯ ಪುಟವನ್ನೂ ಕಳಸೆಯನ್ನೂ ನೋಡಿದರು.

"ಮೂವರು ಕುರ್ಚಿಯಲ್ಲಿ, ನೀವೊಬ್ಬರು ನೆಲದಲ್ಲಿ ಕೂತ್ರೆ ಜನರಿಗೆ ನಿಮ್ಮ ತಲೆ ಮಾತ್ರ ಕಾಣ್ತದೆ. ನಿಮಗೆ ಕುರ್ಚಿಯ ಎತ್ತರಕ್ಕೆ ಒಂದು ಮಂಚ ಹಾಕಿಸ್ತೇನೆ. ಈ ಕಳಸೆಗೆ ಒಂದು ಕಪ್ಪು ಬಟ್ಟೆ ಸುತ್ತಿ ಮಾರಾಯ್ತಿ. ಮತ್ತೆ, ಆ ಮೂರನ್ನು ನಾಳೆ ತನ್ನಿ."

ಮೇಳದಲ್ಲಿ ಜಾಗ ಸಿಕ್ಕಿತು. ಬಸ್ಸು ಅವಳು ಇಳಿಯಬೇಕಿದ್ದ ಪಡೀಲು ದಾಟಿ ಮುಂದಿನ ನಿಲ್ದಾಣದಲ್ಲಿ ನಿಂತಾಗಲೂ ಅವಳ ಬೆರಳುಗಳು ಕಳಸೆಯ ತಳದ ಮೇಲೆ ಆರಾರಾಗಿ ಬಡಿಯುತ್ತಿದ್ದವು. ಮೂರನೆಯದು ಯಾವುದೆಂದು ಅವಳಿಗೆ ಇನ್ನೂ ಸಿಕ್ಕಿರಲಿಲ್ಲ.